ಪಾಶ್ಚಾತ್ಯರ ವಿಕ್ಕಮತವೂ ಏಕಾಂತಸಾಧನೆಯೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಜರುಗಿದ ಉಪನ್ಯಾಸ)



ಸದ್ಭಕ್ತರೇ! 'ಮಾಟ' ಎಂಬ ಮಾತನ್ನು ಮಠದ ಸಭೆಯಲ್ಲಿ ಎತ್ತುವುದು ಸಲ್ಲದೆಂದು ಕೆಲವರಿಗೆ ತೋರಬಹುದು. ಆದರೆ ಇಂಗ್ಲಂಡ, ಅಮೇರಿಕ ಮೊದಲಾದ ದೇಶಗಳಲ್ಲಿ ಸುಶಿಕ್ಷಿತರಾದ ಅನೇಕ ಸ್ತ್ರೀಪುರುಷರು ತಮ್ಮನ್ನು ತಾವೇ ಮಾಟಗಾರರೆಂದು ಕರೆದುಕೊಂಡು, ಅದನ್ನೇ ತಮ್ಮ ಧರ್ಮವೆಂದು ಆಚರಿಸುತ್ತಿದ್ದಾರೆ. ಈ ಮತಕ್ಕೆ 'ವಿಕ್ಕ' ಎಂದು ಹೆಸರು. ಕ್ರೈಸ್ತಮತಕ್ಕಿಂತ ಹಿಂದಿನ ದೇವತೆಗಳನ್ನೂ ಪ್ರಕೃತಿಯನ್ನೂ ಪೂಜಿಸುವವರಿಗೆಲ್ಲ 'ಪೇಗನ್' ಎಂಬುದು ಸಾಮಾನ್ಯ ನಾಮ. ೨೦೨೧ನೆಯ ಇಸವಿಯ ಜನಗಣತಿಯಲ್ಲಿ ಇಂಗ್ಲಂಡ ಮತ್ತು ವೇಲ್ಸ್ ದೇಶಗಳಲ್ಲಿ ಸುಮಾರು ೭೪,೦೦೦ ಜನರು ತಮ್ಮ ಮತ ಪೇಗನ್ ಎಂದೂ, ಸುಮಾರು ೧೩,೦೦೦ ಜನರು ವಿಕ್ಕ ಎಂದೂ ಬರೆಯಿಸಿದರು. ಇವರ ಮಾರ್ಗದಲ್ಲಿ ಕೊಳ್ಳತಕ್ಕದ್ದೇನು, ಬಿಡತಕ್ಕದ್ದೇನು ಎಂಬುದೇ ಇಂದಿನ ವಿಚಾರ.

ಮೊದಲು ಈ ಹೆಸರಿನ ಹಿಂದಿರುವ ದುಃಖವನ್ನು ಅರಿಯಬೇಕು. ೧೫ನೆಯ ಶತಮಾನದಿಂದ ೧೮ನೆಯ ಶತಮಾನದವರೆಗೆ ಯುರೋಪ ಖಂಡದಲ್ಲಿ ಮಾಟದ ಆರೋಪಕ್ಕೆ ಗುರಿಯಾಗಿ ಮರಣದಂಡನೆ ಹೊಂದಿದವರು ೪೦,೦೦೦ದಿಂದ ೬೦,೦೦೦ ಮಂದಿ ಎಂದು ಇತಿಹಾಸಜ್ಞರು ಎಣಿಸಿದ್ದಾರೆ. ಇವರಲ್ಲಿ ಹೆಚ್ಚಿನವರು ಸ್ತ್ರೀಯರು. ನೆರೆಮನೆಯ ಹಸು ಹಾಲು ಬಿಟ್ಟರೆ, ಕೂಸು ಜ್ವರದಿಂದ ಸತ್ತರೆ, ಅದರ ದೋಷವು ದಿಕ್ಕಿಲ್ಲದ ಮುದುಕಿಯ ತಲೆಗೆ ಬರುತ್ತಿತ್ತು. ಆ ಜನರು ಯಾವ ಗುಪ್ತಮತದವರೂ ಅಲ್ಲ. ಭಯಕ್ಕೆ ಬಲಿಯಾದ ಸಾಮಾನ್ಯ ಕ್ರೈಸ್ತರು.

ಆದರೆ ೧೯೨೧ರಲ್ಲಿ, ಕಲಕತ್ತೆಯಲ್ಲಿ ಜನಿಸಿದ ಮಾರ್ಗರೆಟ್ ಮರ್ರೆ ಎಂಬ ವಿದುಷಿಯು ಬೇರೊಂದು ವಾದವನ್ನು ಹೂಡಿದಳು. ಅಂದು ಸತ್ತವರು ಪುರಾತನವಾದ ಒಂದು ಪ್ರಕೃತಿಮತದ ಅನುಯಾಯಿಗಳೆಂಬುದೇ ಆ ವಾದ. ಮುಂದಿನ ಪಂಡಿತರು ಇದನ್ನು ನಿರಾಕರಿಸಿದರು. ಆದಾಗ್ಯೂ ಜೆರಾಲ್ಡ್ ಗಾರ್ಡನರ್ ಎಂಬಾತನಿಗೆ ಅದೇ ಬುನಾದಿಯಾಯಿತು. ಈತನು ೧೮೮೪ರಲ್ಲಿ ಜನಿಸಿ, ಸಿಂಹಳ, ಬೋರ್ನಿಯೊ, ಮಲಯ ದೇಶಗಳಲ್ಲಿ ತೋಟಗಳಲ್ಲಿಯೂ ಸುಂಕದ ಇಲಾಖೆಯಲ್ಲಿಯೂ ದುಡಿದು, ೧೯೩೬ರಲ್ಲಿ ನಿವೃತ್ತನಾಗಿ ಇಂಗ್ಲಂಡಕ್ಕೆ ಮರಳಿದವನು. ೧೯೩೯ರಲ್ಲಿ ತನಗೆ ಆ ಪ್ರಾಚೀನ ಮತದ ದೀಕ್ಷೆಯಾಯಿತೆಂದು ಹೇಳಿಕೊಂಡನು. ಮಾಟಶಕ್ತಿಯುಂಟೆಂದು ನಟಿಸುವವರನ್ನು ದಂಡಿಸುವ ೧೭೩೫ರ ಕಾಯಿದೆಯು ೧೯೫೧ರಲ್ಲಿ ರದ್ದಾಯಿತು. ೧೯೫೪ರಲ್ಲಿ ಗಾರ್ಡನರನು ಗ್ರಂಥವನ್ನು ಪ್ರಕಟಿಸಿ ಮತವನ್ನು ಬಯಲಿಗೆ ತಂದನು. ಅದಕ್ಕೆ ಮುನ್ನುಡಿ ಬರೆದವಳು ಅದೇ ಮರ್ರೆ.

ಇಲ್ಲಿಂದ ಮುಂದಿನ ಕಥೆಯೇ ಶಿವಭಕ್ತರು ಮನಸ್ಸಿಟ್ಟು ಕೇಳತಕ್ಕದ್ದು. ೧೯೫೩ರಲ್ಲಿ ಡೋರೀನ್ ವೇಲಿಯೆಂಟ್ ಎಂಬ ಸ್ತ್ರೀಯು ಗಾರ್ಡನರನಿಂದ ದೀಕ್ಷೆ ಪಡೆದಳು. ಪೂಜಾವಿಧಿಗಳ ಹೊತ್ತಗೆಯನ್ನು ಪ್ರಾಚೀನವೆಂದು ಗುರುವು ತೋರಿಸಿದಾಗ, ಬಹುವಾಗಿ ಓದಿದ್ದ ಆಕೆಗೆ ಅದರೊಳಗಿನ ಕೆಲವು ಭಾಗಗಳು ಅದೇ ಶತಮಾನದ ಅಲಿಸ್ಟರ್ ಕ್ರೌಲಿ ಎಂಬ ಗ್ರಂಥಕರ್ತನವೆಂದು ತಿಳಿದುಬಂದಿತು. ಆಕೆ ಅದನ್ನು ಮರೆಮಾಚದೆ ಗುರುವಿನ ಎದುರಿಗೇ ಹೇಳಿದಳು. ತನಗೆ ದೊರೆತದ್ದು ತುಂಡುತುಂಡಾಗಿದ್ದುದರಿಂದ ಕೂಡಿಸಬೇಕಾಯಿತೆಂದು ಆತನು ಉತ್ತರವಿತ್ತನು. ಬಳಿಕ ಆತನ ಒಪ್ಪಿಗೆಯಿಂದಲೇ ಆಕೆ ಅನೇಕ ವಿಧಿಗಳನ್ನು ತಾನೇ ಹೊಸದಾಗಿ ರಚಿಸಿದಳು.

೧೯೫೭ರಲ್ಲಿ ಇನ್ನೊಂದು ಪ್ರಸಂಗ ಬಂದಿತು. ಗಾರ್ಡನರನು ಪತ್ರಿಕೆಗಳಲ್ಲಿ ಪ್ರಚಾರವನ್ನು ಬಯಸಿದಾಗ, ಶಿಷ್ಯರು ಅದಕ್ಕೆ ಕೆಲವು ಕಟ್ಟಳೆಗಳಿರಲೆಂದು ಕೇಳಿದರು. ಆತನು ಕೂಡಲೇ 'ಪುರಾತನ ಶಾಸನಗಳು' ಎಂಬ ಬರಹವೊಂದನ್ನು ಮುಂದಿಟ್ಟನು. ಅದುವರೆಗೆ ಅದನ್ನು ಯಾರೂ ಕಂಡಿರಲಿಲ್ಲ. ವಯಸ್ಸಾದ ಆಚಾರ್ಯಿಣಿಯು ಕಿರಿಯಳಿಗೆ ಪೀಠವನ್ನು ಬಿಟ್ಟುಕೊಡತಕ್ಕದ್ದೆಂಬ ವಿಧಿಯೂ ಅದರಲ್ಲಿತ್ತು. ಇದು ಪುರಾತನವಲ್ಲ, ಈಗಷ್ಟೇ ಹುಟ್ಟಿದ್ದು ಎಂದು ವೇಲಿಯೆಂಟಳು ಅರಿತು, ತನ್ನವರೊಡನೆ ಆ ಮಂಡಲಿಯನ್ನು ಬಿಟ್ಟು ಹೊರಟಳು. ಆದರೆ ಉಪಾಸನೆಯನ್ನು ಬಿಡಲಿಲ್ಲ. ೧೯೮೯ರಲ್ಲಿ ನಡೆದುದೆಲ್ಲವನ್ನೂ ಗ್ರಂಥರೂಪವಾಗಿ ಬರೆದಿಟ್ಟು, ೧೯೯೯ರಲ್ಲಿ ಕಾಲವಶಳಾದಳು. ಅದೇ ವರ್ಷ ರೊನಾಲ್ಡ್ ಹಟನ್ ಎಂಬ ಇತಿಹಾಸಕಾರನು, ಈ ಮತವು ೧೯-೨೦ನೆಯ ಶತಮಾನಗಳ ಕಾವ್ಯ, ಗುಪ್ತಸಂಘ, ಜಾನಪದ ಶೋಧನೆಗಳಿಂದ ರೂಪುಗೊಂಡ ನವೀನ ಮತವೆಂದು ವಿಸ್ತಾರವಾಗಿ ತೋರಿಸಿದನು. ಅನುಯಾಯಿಗಳಲ್ಲಿ ಕೆಲವರು ಮುನಿದರು. ಬಹು ಜನರು ಒಪ್ಪಿಕೊಂಡರು. 'ಮಾರ್ಗವು ಹೊಸದಾದರೆ ಆಗಲಿ, ಮನಸ್ಸಿಗೆ ಶಾಂತಿಯೂ ನಡತೆಗೆ ಶುದ್ಧಿಯೂ ದೊರೆತರೆ ಸಾಕು' ಎಂಬುದು ಅಂಥವರ ನಿಲುವು.

ಇನ್ನು ಅವರ ಆಚರಣೆ. ಮೊದಲಲ್ಲಿ ಹಿರಿಯರಿಂದ ದೀಕ್ಷೆಯಿಲ್ಲದೆ ಯಾರೂ ಈ ಮತವನ್ನು ಸೇರುವಂತಿರಲಿಲ್ಲ. ೧೯೮೮ರಲ್ಲಿ ಸ್ಕಾಟ್ ಕನ್ನಿಂಗ್‌ಹ್ಯಾಮ್ ಎಂಬ ಅಮೇರಿಕನು ಏಕಾಂತಸಾಧಕರಿಗಾಗಿ ಕೈಪಿಡಿಯನ್ನು ಬರೆದ ಮೇಲೆ, ತನ್ನನ್ನು ತಾನೇ ಅರ್ಪಿಸಿಕೊಂಡು ಮನೆಯಲ್ಲಿ ಒಬ್ಬಂಟಿಯಾಗಿ ಉಪಾಸಿಸುವವರು ಬಹಳವಾದರು. ಹಗಲೆಲ್ಲ ದುಡಿದು ಬಂದ ಹೆಂಗಸೊಬ್ಬಳು ಕೋಣೆಯ ಮೂಲೆಯಲ್ಲಿ ಮೇಣದ ಬತ್ತಿ ಹಚ್ಚಿ, ಸುತ್ತಲೂ ವೃತ್ತವನ್ನು ಭಾವಿಸಿ, ನಾಲ್ಕು ದಿಕ್ಕುಗಳಲ್ಲಿ ಗಾಳಿ, ಬೆಂಕಿ, ನೀರು, ಮಣ್ಣುಗಳನ್ನು ನೆನೆದು, ದೇವ-ದೇವಿಯರನ್ನು ಕರೆದು ಮೌನದಲ್ಲಿ ಕುಳಿತುಕೊಳ್ಳುವಳು. ಎರಡು ಅಯನಗಳು, ಎರಡು ವಿಷುವಗಳು, ಅವುಗಳ ನಡುವಿನ ನಾಲ್ಕು ದಿನಗಳು, ಹೀಗೆ ವರ್ಷಕ್ಕೆ ಎಂಟು ಹಬ್ಬಗಳು. ಅಕ್ಟೋಬರದ ಕೊನೆಯ ದಿನ ಮೃತರ ಸ್ಮರಣೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುವ ಒಕ್ಕಲಿಗನಿಗೆ ಈ ಋತುಭಕ್ತಿಯು ಅಪರಿಚಿತವೆನಿಸಲಾರದು. ಯಾರಿಗೂ ಕೇಡಾಗದಂತೆ ನಡೆಯಬೇಕೆಂಬುದು ಅವರ ಮುಖ್ಯ ನೀತಿ.

ಶರಣಧರ್ಮಕ್ಕೂ ಇದಕ್ಕೂ ಹೋಲಿಕೆಯುಂಟೋ ಎಂದು ಕೇಳಬಹುದು. ಒಂದಂಶದಲ್ಲಿ ಉಂಟು. ಹನ್ನೆರಡನೆಯ ಶತಮಾನದ ಶರಣರೂ ಭಕ್ತನಿಗೂ ದೇವರಿಗೂ ನಡುವೆ ಪೂಜಾರಿಯನ್ನು ನಿಲ್ಲಿಸಲಿಲ್ಲ. ಇಷ್ಟಲಿಂಗವು ಕರಸ್ಥಲದಲ್ಲಿರಲು ಸ್ತ್ರೀಯಾಗಲಿ, ಕಾಯಕದವನಾಗಲಿ ತಾನೇ ಪೂಜಿಸುವನು. ಆದರೆ ಭೇದವು ದೊಡ್ಡದು. ಇಷ್ಟಲಿಂಗವನ್ನು ಭಕ್ತನು ತಾನಾಗಿ ಆರಿಸಿಕೊಳ್ಳುವುದಿಲ್ಲ, ಗುರುಕರುಣೆಯಿಂದ ಪಡೆಯುವನು. ಪೂಜೆಯು ಏಕಾಂತದಲ್ಲಿ ಆರಂಭವಾದರೂ ಏಕಾಂತದಲ್ಲಿ ಮುಗಿಯುವುದಿಲ್ಲ. ಕಾಯಕ, ದಾಸೋಹ, ಜಂಗಮಸೇವೆ, ಶರಣಸಂಗಗಳಲ್ಲಿ ಹರಿಯುವುದು. ಒಬ್ಬಂಟಿಯಾದ ಸಾಧಕನಿಗೆ, 'ಇದು ಅನುಭಾವವಲ್ಲ, ನಿನ್ನ ಆಸೆಯ ನೆರಳು' ಎಂದು ತಿದ್ದಿ ಹೇಳುವವರು ಯಾರು? ಇಂದು ಒಂದು ದೇವತೆ, ನಾಳೆ ಇನ್ನೊಂದು ಎಂದು ಮನಸ್ಸಿಗೆ ಬಂದಂತೆ ಆರಿಸತೊಡಗಿದರೆ, ಕಡೆಗೆ ಪೂಜೆಗೊಳ್ಳುವುದು ಆರಿಸುವ ಮನಸ್ಸೇ ಆದೀತು. ಏಕಾಂತಮಾರ್ಗದ ಅಪಾಯ ಇಲ್ಲಿದೆ.

ಗುರುವುಳ್ಳ ಮಾರ್ಗಕ್ಕೆ ಅಪಾಯವಿಲ್ಲವೆಂದು ಮಾತ್ರ ತಿಳಿಯಬಾರದು. ತನ್ನ ಇಚ್ಛೆಯನ್ನೇ ಪುರಾತನ ಶಾಸನವೆಂದು ಹೇಳುವ ಗುರುವಿನ ಮುಂದೆ ವೇಲಿಯೆಂಟಳು ನಿಂತ ರೀತಿಯನ್ನು ನೆನೆಯಿರಿ. ಆಕೆಯ ದೇವತೆಗಳು ಶರಣರಿಗೆ ಒಪ್ಪಿಗೆಯಾಗಬೇಕಿಲ್ಲ. ಆಕೆಯ ಸತ್ಯನಿಷ್ಠೆ ಒಪ್ಪಿಗೆಯಾಗತಕ್ಕದ್ದು. ಸುಳ್ಳಿನ ಮೇಲೆ ಪೀಠವನ್ನು ಕಟ್ಟಿದರೆ ಆ ಪೀಠವು ಎಷ್ಟು ಹಳೆಯದೆಂದು ಹೇಳಿಕೊಂಡರೂ ನಿಲ್ಲದು. ಸತ್ಯವನ್ನು ಒಪ್ಪಿಕೊಂಡರೆ ಹೊಸ ಮಾರ್ಗವೂ ನಿಂತೀತು. ಮಹೋತ್ಸವದ ದಿನ ಮಠದ ಪ್ರಾಚೀನತೆಯನ್ನು ಕೊಂಡಾಡುವುದು ಯುಕ್ತವೇ. ಆದರೆ ಮಠದ ಹಿರಿಮೆ ವರ್ಷಗಳ ಎಣಿಕೆಯಲ್ಲಿಲ್ಲ, ಸದಾಚಾರದಲ್ಲಿದೆ. ಪ್ರಶ್ನಿಸುವ ಶಿಷ್ಯನು ದ್ರೋಹಿಯಲ್ಲ. ಪ್ರಶ್ನೆಗೆ ಅಂಜದ ಗುರುವೇ ಗುರು.

ಕಡೆಗೆ ಮನೆಯ ಮಾತು. ಪಾಶ್ಚಾತ್ಯರಲ್ಲಿ 'ಮಾಟಗಾತಿ' ಎಂಬುದು ತಾನಾಗಿ ಧರಿಸಿದ ಹೆಸರು. ಕನ್ನಡನಾಡಿನ ಹಳ್ಳಿಯಲ್ಲಿ ಅದು ಇತರರು ಹೊರಿಸುವ ಅಪವಾದ. ಎರಡನ್ನೂ ಒಂದೆಂದು ತಿಳಿಯಬಾರದು. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕವು ೨೦೧೭ರಲ್ಲಿ ಮಾಡಿತು. ೨೦೨೦ರಲ್ಲಿ ಅದು ಜಾರಿಗೆ ಬಂದಿತು. ಆದರೆ ಮನಸ್ಸಿನ ಭಯವನ್ನು ಕಾಯಿದೆಯೊಂದೇ ಕಳೆಯಲಾರದು. ಕೂಸಿಗೆ ಜ್ವರ ಬಂದ ರಾತ್ರಿ ವೈದ್ಯನ ಮನೆಗೆ ಹೋಗುವುದೋ, ಬಾನಾಮತಿಯೆಂದು ಓಣಿಯ ವಿಧವೆಯ ಕಡೆಗೆ ಬೆರಳು ತೋರಿಸುವುದೋ ಎಂಬಲ್ಲಿ ಭಕ್ತನ ಪರೀಕ್ಷೆಯಾಗುವುದು. ಲಿಂಗವನ್ನು ಎದೆಯ ಮೇಲೆ ಧರಿಸಿದವನು ಮಾಟಕ್ಕೆ ಅಂಜಿದರೆ ಧಾರಣದ ಫಲವೇನು? ಅಂಜಿ ಅನಾಥೆಯೊಬ್ಬಳನ್ನು ನೋಯಿಸಿದರೆ ಪೂಜೆಯ ಫಲವೇನು? ಈ ಮಹೋತ್ಸವದಿಂದ ಮನೆಗೆ ಮರಳುವ ಪ್ರತಿಯೊಬ್ಬ ಸದ್ಭಕ್ತನೂ ತನ್ನ ಊರಿನಲ್ಲಿ ಅಂಥ ಒಬ್ಬಳ ಬಾಗಿಲಿಗೆ ಹೋಗಿ, ತಾಯೀ ಎಂದು ಕರೆದು ಪ್ರಸಾದವನ್ನು ಕೊಟ್ಟು ಬಂದರೆ, ಅದೇ ಶ್ರೀಮಠಕ್ಕೆ ಸಲ್ಲಿಸಿದ ಕಾಣಿಕೆ.