ಹೊಸಿಲ ಒಳಗಿನ ಹುಟ್ಟುಹಬ್ಬ

(ಉಪನ್ಯಾಸದ ಬರಹರೂಪ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳ ಯಾವ ಪೇಟೆಬೀದಿಗೆ ಹೋದರೂ ಇಂದು ಬೇಕರಿಯ ಗಾಜಿನ ಕಪಾಟಿನಲ್ಲಿ ಹುಟ್ಟುಹಬ್ಬದ ಕೇಕು ಕಾಣುತ್ತದೆ. ವರ್ಷ ತುಂಬಿದ ಕೂಸಿಗೆ ಬಣ್ಣದ ಕಾಗದದ ಟೋಪಿ ತೊಡಿಸಿ, ಗೋಡೆಗೆ ಬಲೂನು ಕಟ್ಟಿ, ಬಂಧುಬಳಗ ಸೇರಿ ಸಂಭ್ರಮಿಸುವುದು ಹಳ್ಳಿಮನೆಗಳಿಗೂ ಬಂದಿದೆ. ಇದು ಪರದೇಶದ ಅನುಕರಣೆ ಎಂದು ಮೂಗು ಮುರಿಯುವ ಹಿರಿಯರೂ ಉಂಟು. ಕೇಕು, ಮೇಣದಬತ್ತಿಗಳು ಹೊರಗಿನಿಂದ ಬಂದದ್ದು ನಿಜ. ಮಗುವಿನ ಮೊದಲ ವರ್ಷವನ್ನು ಎಣಿಸುವ ಪದ್ಧತಿಯೂ ಹೊರಗಿನದೇ? ಅದನ್ನು ಕೊಂಚ ವಿಚಾರಿಸಬೇಕು.

ಹಿಂದೆ ವರ್ಷವರ್ಷವೂ ಊರೆಲ್ಲ ಸೇರಿ ಆಚರಿಸುತ್ತಿದ್ದ ಹುಟ್ಟಿದ ದಿನ ದೇವರದು, ಇಲ್ಲವೇ ದೊರೆಯದು. ರಾಮನಿಗೆ ನವಮಿ, ಕೃಷ್ಣನಿಗೆ ಅಷ್ಟಮಿ. ಈ ನಾಲ್ಕೂ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಮಹಾರಾಜರ ವರ್ಧಂತಿ ಇಲ್ಲಿಯವರಿಗೂ ಪರಿಚಿತವೇ. ಪಂಚಾಂಗ ಬಲ್ಲ ಮನೆಗಳಲ್ಲಿ ಮಕ್ಕಳ ಜನ್ಮನಕ್ಷತ್ರದ ದಿನ ಎಣ್ಣೆನೀರು, ಆರತಿ, ಪಾಯಸ ಇರುತ್ತಿತ್ತು. ಉಳಿದವರಿಗೆ ತಾರೀಖಿನ ಹಂಗಿರಲಿಲ್ಲ. ಧಾತು-ಈಶ್ವರ ಸಂವತ್ಸರಗಳ ಬರ (1876-78), 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು, 1918ರ ಇನ್‌ಫ್ಲುಯೆಂಜಾ - ಇಂಥವೇ ವಯಸ್ಸಿನ ಗುರುತುಗಳು. ‘ಕೆರೆ ಕೋಡಿ ಬಿದ್ದ ಸಾಲಿನಲ್ಲಿ ಹುಟ್ಟಿದವ’ ಎಂದರೆ ಊರಿಗೆಲ್ಲ ಅರ್ಥವಾಗುತ್ತಿತ್ತು.

ತಾರೀಖನ್ನು ಕೇಳಿದ್ದು ಶಾಲೆ. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದರೆ ಮಗು ಶಾಲೆಗೆ ಸೇರುವಷ್ಟು ದೊಡ್ಡದಾಗಿದೆ ಎಂಬುದು ಹಳೆಯ ಲೆಕ್ಕ. ಕಿವಿ ಮುಟ್ಟಿದ ಮಗುವಿಗೆ ಮೇಷ್ಟರೇ ಒಂದು ಜನ್ಮದಿನ ಬರೆದುಕೊಳ್ಳುತ್ತಿದ್ದರು. ಅನೇಕ ಹಿರಿಯರ ದಾಖಲೆಗಳಲ್ಲಿ ಈಗಲೂ ಇರುವುದು ಹೀಗೆ ಮೇಷ್ಟರು ಕೊಟ್ಟ ದಿನವೇ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂದದ್ದು 1969ರಲ್ಲಿ. 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಸೇರ್ಪಡೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಈ ನಾಲ್ಕು ತಾಲ್ಲೂಕುಗಳು ಕೂಡಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಇನ್ನು ಕಿವಿ ಮುಟ್ಟಿಸಿ ವಯಸ್ಸು ಅಳೆಯುವ ಪ್ರಮೇಯವಿಲ್ಲ. ತಾರೀಖು ಕಾಗದದ ಮೇಲೆ ನಿಂತಿತು. ಅದನ್ನು ಆಚರಿಸುವ ಹಬ್ಬವೂ ಹಿಂದೆಯೇ ಬಂತು.

ತಾರೀಖು ಇಲ್ಲದಿದ್ದ ಮಾತ್ರಕ್ಕೆ ಹಬ್ಬವಿರಲಿಲ್ಲವೆಂದು ತಿಳಿಯಬಾರದು. ಪುರುಡು ಕಳೆದದ್ದು, ತೊಟ್ಟಿಲಿಗೆ ಹಾಕಿದ್ದು, ಹೆಸರಿಟ್ಟದ್ದು, ಅಂಬೆಗಾಲಿಕ್ಕುತ್ತ ಹೊಸಿಲು ದಾಟಿದ್ದು, ಸೋದರಮಾವನ ತೊಡೆಯ ಮೇಲೆ ಕೂರಿಸಿ ಮನೆದೇವರ ಮುಂದೆ ಮೊದಲ ಮುಡಿ ತೆಗೆಸಿದ್ದು - ಒಂದೊಂದಕ್ಕೂ ಒಂದು ಸಿಹಿ, ಒಂದು ಆರತಿ. ಹುಟ್ಟಿದ ದಿನ ಮರಳಿ ಬಂತೆಂಬುದಕ್ಕಿಂತ ಮಗು ಇನ್ನೊಂದು ಮೆಟ್ಟಿಲು ಹತ್ತಿತು, ಉಳಿಯಿತು ಎಂಬ ಸಮಾಧಾನವೇ ಇವುಗಳ ಒಳಗಿನ ಅರ್ಥ.

ಉಳಿಯುವುದೇ ದೊಡ್ಡ ಮಾತಾಗಿದ್ದ ಕಾಲ ಅದು. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸತ್ತಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಕಲ್ಲಿನಂತೆ ಗಟ್ಟಿಯಾಗಿರಲೆಂದು ಗುಂಡ, ಕಲ್ಲ ಎನ್ನುತ್ತಿದ್ದರು. ತೆಲುಗಿನ ಪೆಂಟಯ್ಯನೂ ತಿಪ್ಪೆಯ ಹೆಸರಿನವನೇ. ಬೇಡವಾದದ್ದೆಂದು ಸಾವಿನ ಕಣ್ಣಿಗೆ ತೋರಿಸಿ ಮಗುವನ್ನು ಬಚ್ಚಿಡುವ ಉಪಾಯ ಇದು. ಭಾರತದಲ್ಲಿ 1971ರಲ್ಲೂ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ವೇಳೆಗೆ ಆ ಸಂಖ್ಯೆ 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರು, ತಾಯಂದಿರ ಓದು ಇವೆಲ್ಲ ಕೂಡಿ ದೊರಕಿಸಿದ ಫಲ ಇದು. ಮೊದಲ ಹುಟ್ಟುಹಬ್ಬದ ಸಂಭ್ರಮದ ಹಿಂದೆ ಈ ಗೆಲುವಿದೆ ಎಂಬುದನ್ನು ಮರೆಯಬಾರದು.

ಈ ಗೆಲುವು ಎಲ್ಲ ಮನೆಗಳಿಗೂ ಸಮನಾಗಿ ದಕ್ಕಿದೆಯೇ ಎಂಬುದು ಮುಂದಿನ ಪ್ರಶ್ನೆ. ಹೆರಿಗೆಯ ಸೂತಕವನ್ನು ನಮ್ಮ ಹೆಚ್ಚಿನ ಜಾತಿಗಳು ಒಂದಲ್ಲ ಒಂದು ರೀತಿಯಲ್ಲಿ ಪಾಲಿಸಿದವೇ. ಬಹುಪಾಲು ಮನೆಗಳಲ್ಲಿ ಬಾಣಂತಿಗೆ ಒಳಮನೆಯ ಒಂದು ಮೂಲೆ ಸಿಕ್ಕಿತು. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಅದು ಇನ್ನೂ ಕಠಿಣವಾಯಿತು. ಕುರಿ ದನಗಳ ಬದುಕಿನಿಂದ ಬಂದ ಈ ಜನರಿಗೆ ಮುಳ್ಳುಬೇಲಿಯ ಒಳಗಿನ ಹಟ್ಟಿಯೆಲ್ಲವೂ ದೇವರ ನೆಲ. ಜುಂಜಪ್ಪನ ಮಹಾಕಾವ್ಯವನ್ನು ತಲೆಮಾರುಗಳಿಂದ ನಾಲಗೆಯ ಮೇಲೆ ಕಾಪಾಡಿಕೊಂಡು ಬಂದವರು ಅವರು. ಅದೇ ನಿಷ್ಠೆಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಬೇಲಿಯ ಹೊರಗಿನ ಗುಡಿಸಲಿನಲ್ಲಿ ವಾರಗಟ್ಟಲೆ ಇರಿಸುವ ಕಟ್ಟಳೆಯೂ ಉಳಿದುಬಂತು.

2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆ ಚಳಿಯ ನಡುವೆ ಹೀಗೆ ಗುಡಿಸಲಿನಲ್ಲಿದ್ದ ಹಸುಗೂಸೊಂದು ಶೀತ ತಗುಲಿ ಸತ್ತಿತು. ತಿಂಗಳ ಆಸುಪಾಸಿನ ಮಗು ಅದು. ಮುಟ್ಟಾದವರನ್ನೂ ಬಸಿರಿ ಬಾಣಂತಿಯರನ್ನೂ ಊರ ಹೊರಗಿಡುವುದನ್ನು ನಿಷೇಧಿಸುವ ಕಾನೂನು 2017ರಲ್ಲಿ ರೂಪುಗೊಂಡು 2020ರಲ್ಲೇ ಕರ್ನಾಟಕದಲ್ಲಿ ಜಾರಿಗೆ ಬಂದಿತ್ತು. ಅದಕ್ಕೂ ಮೊದಲು ಸರ್ಕಾರ ಕೆಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತ್ತು. ಗುಡಿಸಲಿಗಿಂತ ಕುಟೀರ ಲೇಸು, ಸುಳ್ಳಲ್ಲ. ಆದರೆ ಗೋಡೆ ಭದ್ರವಾದರೂ ಹೊರಗೆಂಬುದು ಹೊರಗೇ. ತಾಯಿ ಮಗುವಿನ ಸ್ಥಾನ ಅಲ್ಲೇ ಎಂದು ಸರ್ಕಾರವೇ ಮುದ್ರೆಯೊತ್ತಿದಂತಾಯಿತು.

ಕಾಯಿದೆ ಬೇಕು, ಅದೊಂದರಿಂದಲೇ ಬಾಗಿಲು ತೆರೆಯದು. ಪದ್ಧತಿ ಮೀರಿದರೆ ಹಟ್ಟಿಗೆ ಕೇಡಾದೀತೆಂಬ ಅಂಜಿಕೆ ಅಲ್ಲಿನ ಅಜ್ಜಿಯರಲ್ಲಿ ಪ್ರಾಮಾಣಿಕವಾದದ್ದು. ಹೊರಗಿನವರ ಹೀಯಾಳಿಕೆಯಿಂದ ಅದು ಕರಗದು. ಸಮುದಾಯದ ಓದಿದ ಮಕ್ಕಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮನೆಮನೆಗೆ ಹೋಗಿ ಆಡುವ ಮಾತಿಗೆ ಹೆಚ್ಚಿನ ಬಲ. ಬಾಣಂತಿಯನ್ನು ಆಸ್ಪತ್ರೆಯಿಂದ ನೇರ ಮನೆಯೊಳಕ್ಕೇ ಕರೆತಂದ ಒಂದು ಕುಟುಂಬ, ವರ್ಷ ತುಂಬಿದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ಮಗುವಿಗೆ ಆರತಿ ಎತ್ತಿದರೆ, ಆ ಮಗುವೇ ಅಂಜಿಕೆಗೆ ಉತ್ತರ. ಹಟ್ಟಿಗೆ ಕೇಡಾಗಲಿಲ್ಲ, ಮಗು ಆಡುತ್ತಿದೆ ಎಂಬುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಆಗ ಹುಟ್ಟುಹಬ್ಬ ಬರಿಯ ಸಡಗರವಾಗಿ ಉಳಿಯದು. ಹಟ್ಟಿಯ ಮುಂದೆ ನಿಂತ ಸಾಕ್ಷಿಯಾಗುತ್ತದೆ.

ಗೊಲ್ಲರು ತಮ್ಮವನೆಂದು ಹೆಮ್ಮೆಪಡುವ ಕೃಷ್ಣನನ್ನೇ ನೆನೆಯಬಹುದು. ಹುಟ್ಟಿದ ರಾತ್ರಿಯೇ ಮಳೆಯಲ್ಲಿ ಹೊರಗೆ ಹೋಗಬೇಕಾಗಿ ಬಂದ ಕೂಸು ಆತ. ಗೋಕುಲದ ಗೊಲ್ಲರು ಆ ಕೂಸನ್ನು ಒಳಗೆ ಕರೆದುಕೊಂಡರು. ಇಂದಿಗೂ ಅಷ್ಟಮಿಯ ದಿನ ಮನೆಗಳಲ್ಲಿ ಅಕ್ಕಿಹಿಟ್ಟಿನಿಂದ ಪುಟ್ಟ ಹೆಜ್ಜೆಗಳನ್ನು ಬರೆಯುತ್ತಾರೆ. ಆ ಹೆಜ್ಜೆಗಳೆಲ್ಲ ಹೊಸಿಲು ದಾಟಿ ಒಳಮುಖವಾಗಿಯೇ ಇರುತ್ತವೆ.