ದಾದಿಯ ಉಡುಗೆ



2019ರ ಏಪ್ರಿಲ್ 28ರಂದು ಜೆಸ್ಸಿಕಾ ಆಂಡರ್ಸನ್ ಎಂಬ ದಾದಿ ಲಂಡನ್ ಮ್ಯಾರಥಾನ್ ಓಡಿದರು. ಆಕೆ ಆಗ ರಾಯಲ್ ಲಂಡನ್ ಆಸ್ಪತ್ರೆಯ ಉದ್ಯೋಗಿ. ಓಡಿದ್ದು ಬಾರ್ಟ್ಸ್ ಚಾರಿಟಿಗೆ ಹಣ ಕೂಡಿಸಲೆಂದು. ವಾರ್ಡಿನಲ್ಲಿ ನಿತ್ಯ ತೊಡುವ ಅಂಗಿ-ಷರಾಯಿಯಲ್ಲೇ 42.195 ಕಿಲೋಮೀಟರನ್ನು 3 ಗಂಟೆ 8 ನಿಮಿಷ 22 ಸೆಕೆಂಡುಗಳಲ್ಲಿ ಕ್ರಮಿಸಿದರು. ದಾದಿಯ ಸಮವಸ್ತ್ರದಲ್ಲಿ ಓಡಿದ ಮಹಿಳೆಯರ ಹಿಂದಿನ ದಾಖಲೆಗಿಂತ 32 ಸೆಕೆಂಡು ಕಡಿಮೆ.

ಗಿನ್ನೆಸ್ ಸಂಸ್ಥೆ ಮಾತ್ರ ಅದನ್ನು ಮನ್ನಿಸಲಿಲ್ಲ. ಅದರ ಆಗಿನ ನಿಯಮದ ದಾದಿಗೆ ನಿಲುವಂಗಿ, ಏಪ್ರನ್, ತಲೆಯ ಮೇಲೆ ಬಿಳಿ ಟೋಪಿ ಇರಲೇಬೇಕಿತ್ತು! (ನಮ್ಮ ಚಲನಚಿತ್ರಗಳ ದಾದಿಯೂ ಬಹುಕಾಲ ಇದೇ ವೇಷದಲ್ಲಿದ್ದಳೆನ್ನಿ.) ರೋಗಿಯನ್ನು ಎತ್ತಿ ಕೂರಿಸಬೇಕು, ಹೃದಯ ನಿಂತವನ ಎದೆಯನ್ನು ಮಂಡಿಯೂರಿ ಒತ್ತಬೇಕು; ಈ ಕೆಲಸಕ್ಕೆ ಷರಾಯಿಯೇ ಅನುಕೂಲ. ಅದೂ ಅಲ್ಲದೆ, ದಾದಿಯರಲ್ಲಿ ಗಂಡಸರೂ ಇದ್ದಾರೆ. ಬ್ರಿಟನ್ನಿನ ದಾದಿಯರು ತಾವು ನಿಜವಾಗಿ ತೊಡುವ ಬಟ್ಟೆಯ ಚಿತ್ರಗಳನ್ನು ಸಾಲುಸಾಲಾಗಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಸಂಸ್ಥೆ ಕ್ಷಮೆ ಕೇಳಿ, ದಾಖಲೆಯನ್ನು ಆಕೆಗೇ ಕೊಟ್ಟಿತು.

ಬಟ್ಟೆಯ ಜಗಳ ಬಗೆಹರಿಯಿತು. ಆದರೆ ಹಗಲಿರುಳು ಆಸ್ಪತ್ರೆಯಲ್ಲಿ ದುಡಿಯುವವಳೇ ಬಿಡುವಿನ ದಿನ ಓಡಿ ಹಣ ತರಬೇಕೆ? ಸರಕಾರದ ಖಜಾನೆ ಹೊರಬೇಕಾದ ಭಾರವೆಷ್ಟು, ದಾನಿಗಳ ಔದಾರ್ಯಕ್ಕೆ ಬಿಡಬಹುದಾದದ್ದೆಷ್ಟು? ಇದನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. 2004ರಿಂದ ನಡೆಯುತ್ತಿರುವ ನಮ್ಮ ಮುಂಬಯಿ ಮ್ಯಾರಥಾನಿನಲ್ಲೂ ಸೇವಾಸಂಸ್ಥೆಗಳಿಗಾಗಿ ಓಡುವವರು ಬಹಳ. ಜನವರಿಯಲ್ಲಿ ಅವರು ವಂತಿಗೆಯ ಪಟ್ಟಿ ಹಿಡಿದು ಬಂದಾಗ ಬರಿಗೈಯಲ್ಲಿ ಕಳುಹಿಸಬೇಡಿ. ಹಾಗೆಯೇ ನಿಮ್ಮ ವಾರ್ಡಿನ ನಗರಸೇವಕರನ್ನು ಕಂಡು, ಪಾಲಿಕೆಯ ಆಸ್ಪತ್ರೆಯಲ್ಲಿ ಒಬ್ಬ ದಾದಿಯ ಪಾಲಿಗೆ ರೋಗಿಗಳೆಷ್ಟು ಎಂದೂ ವಿಚಾರಿಸಿ.