ಗುಂಯ್ ಅನ್ನೋ ಚಕ್ರ: ಹಳೇ 800ರ ಬೇರಿಂಗ್ ಕೆಲಸ

ಗಣಪತಿ ಹಬ್ಬಕ್ಕೆ ಊರಿಗೆ ಹೊರಡೋರಿಗೆ ಇವತ್ತಿನ ಮಾತು. ನಮ್ಮಲ್ಲಿ ಸುಮಾರು ಜನ ಆಫೀಸಿಗೆ ಲೋಕಲ್‌ನಲ್ಲಿ ಹೋಗ್ತೀವಿ. ಹಳೇ ಮಾರುತಿ 800 ಮಳೆಗಾಲವೆಲ್ಲ ಸೊಸೈಟಿ ಕೆಳಗೆ ನೀರಲ್ಲಿ ನಿಂತಿರುತ್ತೆ. ಆಮೇಲೆ ಒಂದೇ ಓಟ, ಬೆಳಗಾವಿ, ಹುಬ್ಬಳ್ಳಿ.

ನನ್ನ ಗಾಡಿ ಕಲ್ಯಾಣ್-ಶಿಳ್ ರಸ್ತೆಯಲ್ಲಿ ಐವತ್ತು ದಾಟಿದ್ರೆ ಗುಂಯ್ ಅಂತಿತ್ತು. (1990ರ ದಶಕದಲ್ಲಿ ಕಲ್ಯಾಣದಲ್ಲೇ ಪ್ಯೂಜೋ 309 ತಯಾರಾಗ್ತಿತ್ತು, ಈಗ ನೋಡಿದಲ್ಲೆಲ್ಲ ಟವರ್.) ಮೊದಲು ಟೈರ್ ಸದ್ದು ಅಂದ್ಕೊಂಡೆ. ಆದ್ರೆ ಟೈರ್ ಸದ್ದು ಕಾಂಕ್ರೀಟಿನಿಂದ ಡಾಂಬರಿಗೆ ಇಳಿದಾಗ ಬದಲಾಗುತ್ತೆ. ಇದು ಬದಲಾಗಲಿಲ್ಲ. ಶಿಳ್‌ಫಾಟಾದಿಂದ ಮಹಾಪೆ ಕಡೆ ಹೋಗುವಾಗ ಎಡ ತಿರುವಲ್ಲಿ ಜೋರು, ಬಲ ತಿರುವಲ್ಲಿ ಕಮ್ಮಿ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ, ಹಾಗಾಗಿ ಅನುಮಾನ ಬಲಗಡೆ ಬೇರಿಂಗ್ ಮೇಲೆ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಮರಳು ಅರೆದ ಹಾಗಿದ್ರೆ ಬೇರಿಂಗ್ ಹೋಗಿದೆ. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದು, ಮನೆಯವರು ಬ್ರೇಕ್ ಒತ್ತಿದ ತಕ್ಷಣ ಅದು ನಿಂತ್ರೆ ತಪ್ಪು ಬೇರಿಂಗ್‌ದೇ.

ಹಿಂದಿನ ಡ್ರಮ್ಮಿನೊಳಗೆ ಎರಡು ಬೇರಿಂಗ್, ಮಧ್ಯೆ ಒಂದು ಸ್ಪೇಸರ್. ನೀರು ಸೀಲ್ ದಾಟಿದ್ರೆ ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿರುತ್ತೆ. ನಂದು ಹಾಗೇ ಇತ್ತು.

ನಾನು ಏಮಾರಿದ್ದು ಇಲ್ಲಿಂದ ಮುಂದೆ. ಗ್ಯಾರೇಜಿನ ಹುಡುಗ ಹೊಸ ಬೇರಿಂಗನ್ನ ಒಳ ರಿಂಗ್ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿದ. "ಭಯ್ಯಾ, ಆರಾಮ್ ಸೆ" ಅಂದೆ, ಅಷ್ಟೇ. ಎರಡೇ ವಾರಕ್ಕೆ ಮತ್ತೆ ಗುಂಯ್. ಡ್ರಮ್ಮಿಗೆ ಬಿಗಿಯಾಗಿ ಕೂರೋದು ಹೊರ ರಿಂಗ್, ಒತ್ತಡ ಅದರ ಮೇಲೇ ಬೀಳಬೇಕು. ಒಳ ರಿಂಗ್ ಮೇಲೆ ಹೊಡೆದ್ರೆ ಏಟು ಗುಂಡುಗಳ ಮೂಲಕ ಹಾದು ಹೋಗುತ್ತೆ, ಅವು ಓಡೋ ದಾರಿಯಲ್ಲಿ ಗುಳಿ ಬೀಳುತ್ತೆ. ಹೊಸ ಬೇರಿಂಗ್ ಕೂರುವಾಗಲೇ ಸತ್ತ ಲೆಕ್ಕ. ಆದ್ರೆ ಪ್ರೆಸ್ ಇರೋ ಕಡೆ ಹಾಕಿಸಿ. ಇಲ್ಲದಿದ್ರೆ ಹಳೇ ಬೇರಿಂಗಿನ ಹೊರ ರಿಂಗನ್ನೇ ಮೇಲಿಟ್ಟು ನಿಧಾನಕ್ಕೆ ಒತ್ತಿಸಬಹುದು. ಸಂಕೋಚ ಬೇಡ, ಪಕ್ಕದಲ್ಲೇ ನಿಂತು ನೋಡಿ.

ಎರಡೂ ಬದಿ ಸೀಲ್ ಇರೋ ಬೇರಿಂಗ್ ಆದ್ರೆ ಹಾಗೇ ಹಾಕೋದು. ತೆರೆದದ್ದಾದ್ರೆ ಗುಂಡುಗಳ ಮಧ್ಯೆ ವೀಲ್ ಬೇರಿಂಗ್ ಗ್ರೀಸ್ ತುಂಬಬೇಕು. ಬ್ರೇಕ್ ಲೈನಿಂಗಿಗೆ ಒಂದು ತೊಟ್ಟೂ ತಾಗಬಾರದು. ಸ್ಪೇಸರ್ ಮರೆತು ನಟ್ ಬಿಗಿದ್ರೆ ಹೊಸ ಬೇರಿಂಗೂ ಹಾಳು. ನಟ್ಟನ್ನ ಮ್ಯಾನ್ಯುಯಲ್‌ನಲ್ಲಿರೋ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಸಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಹೊರಡೋ ಹಿಂದಿನ ದಿನ ಬೇಡ, ವಾರ ಮೊದಲೇ ಮಾಡಿಸಿ. ಪನ್ವೇಲ್‌ವರೆಗೆ ಒಂದ್ಸಲ ಓಡಿಸಿ, ನಿಲ್ಲಿಸಿ, ಎರಡೂ ಹಿಂಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಸುಡ್ತಿದ್ರೆ ಬೇರಿಂಗ್ ಇಲ್ಲಾ ಬ್ರೇಕ್ ಹಿಡೀತಿದೆ ಅಂತ, ಮತ್ತೆ ಬಿಚ್ಚಿಸಬೇಕು.